ಬಿ.ಪಿ. ಪಟ್ಟಿ ಕಾಲಿಗೂ ಬೀಳಲಿ

ನೂರಿನ್ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ಇದಕ್ಕೆ ವಾಯು ಎಂದೋ ವಯಸ್ಸು ಎಂದೋ ಹೆಸರಿಟ್ಟು ಎಣ್ಣೆ ತಿಕ್ಕಿ ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಜರ್ಮನರ ಆಡುಮಾತಿನಲ್ಲಿ ಇದು ‘ಅಂಗಡಿ ಕಿಟಕಿಯ ಕಾಯಿಲೆ’. ನೋವು ಇಳಿಯಲೆಂದು ನಿಂತವರು ಗಾಜಿನೊಳಗಿನ ಸಾಮಾನು ನೋಡುತ್ತಿರುವಂತೆ ನಟಿಸುತ್ತಾರಂತೆ!

ಕಾಲಿನ ಅಪಧಮನಿಯೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾದಾಗ ಬರುವ ನೋವಿನ ರೀತಿಯೇ ಇದು. ಬೆನ್ನುಹುರಿಯ ನರಗಳ ಮೇಲೆ ಒತ್ತಡ ಬಿದ್ದರೂ ನಡೆಯುವಾಗ ಕಾಲು ನೋಯುತ್ತದೆ. ಆದರೆ ಆ ನೋವಿಗೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ವೈದ್ಯರ ಮುಂದೆ ಈ ಒಂದು ವ್ಯತ್ಯಾಸ ಹೇಳಿದರೂ ಅರ್ಧ ಕೆಲಸ ಮುಗಿದಂತೆ.

ಖಚಿತಪಡಿಸಿಕೊಳ್ಳುವ ಮೊದಲ ಪರೀಕ್ಷೆಗೆ ದುಬಾರಿ ಸ್ಕ್ಯಾನ್ ಬೇಡ. ಬಿ.ಪಿ. ನೋಡಲು ತೋಳಿಗೆ ಸುತ್ತುವ ಪಟ್ಟಿ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಅಂಗೈಯಲ್ಲಿ ಹಿಡಿಸುವ ಡಾಪ್ಲರ್ ಸಾಧನ, ಕಾಲು ಗಂಟೆ ಬಿಡುವು ಸಾಕು. ಇದರ ಹೆಸರು ಆಂಕಲ್ ಬ್ರೇಕಿಯಲ್ ಇಂಡೆಕ್ಸ್, ಚಿಕ್ಕದಾಗಿ ಎಬಿಐ. ಮಲಗಿರುವಾಗ ಕಾಲಿನ ಹರಡಿನಲ್ಲಿ ರಕ್ತದ ಒತ್ತಡ ತೋಳಿನಷ್ಟೇ ಅಥವಾ ತುಸು ಹೆಚ್ಚೇ ಇರಬೇಕು. ಕಡಿಮೆಯಿದ್ದರೆ ನಡುದಾರಿಯಲ್ಲಿ ಎಲ್ಲೋ ತಡೆಯಿದೆ.

ಮೊದಲು ಐದರಿಂದ ಹತ್ತು ನಿಮಿಷ ಅಂಗಾತ ಮಲಗಿಸಬೇಕು. ಅವಸರದಲ್ಲಿ ಕೂರಿಸಿಯೇ ಅಳೆದರೆ ಲೆಕ್ಕ ಕೆಡುತ್ತದೆ, ಕೆಳಗಿಳಿದ ರಕ್ತದ ಭಾರವೇ ಕಾಲಿನ ಅಂಕಿಯನ್ನು ಏರಿಸಿಬಿಡುತ್ತದೆ. ನಂತರ ಎರಡೂ ತೋಳುಗಳಲ್ಲಿ ಬಿ.ಪಿ. ಅಳೆದು, ಅದರ ಎರಡು ಅಂಕಿಗಳಲ್ಲಿ ಮೇಲಿನದನ್ನಷ್ಟೇ (ಸಿಸ್ಟಾಲಿಕ್) ಬರೆದುಕೊಳ್ಳಬೇಕು.

ಆಮೇಲೆ ಪಟ್ಟಿಯನ್ನು ಹರಡಿಗಿಂತ ಸ್ವಲ್ಪ ಮೇಲೆ ಸುತ್ತಬೇಕು. ಗಾಯವಿದ್ದ ಜಾಗದ ಮೇಲೆ, ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆಯಿದ್ದಾಗ ಪಟ್ಟಿ ಬಿಗಿಯಬಾರದು. ಪಾದದ ಮೇಲ್ಭಾಗದಲ್ಲಿ ಒಂದು ಅಪಧಮನಿ, ಒಳಗಂಟಿನ ಹಿಂದೆ ಇನ್ನೊಂದು. ಜೆಲ್ ಹಚ್ಚಿ ಡಾಪ್ಲರ್ ಕಡ್ಡಿಯನ್ನು ಓರೆಯಾಗಿ ಇಟ್ಟರೆ ‘ಹುಶ್, ಹುಶ್’ ಎಂದು ರಕ್ತ ಹರಿಯುವ ಸದ್ದು ಕೇಳುತ್ತದೆ. ಸದ್ದು ನಿಂತ ಮೇಲೂ ಸ್ವಲ್ಪ ಗಾಳಿ ತುಂಬಿ, ನಿಧಾನವಾಗಿ ಬಿಡಬೇಕು. ಸದ್ದು ಮರಳಿದ ಕ್ಷಣದ ಅಂಕಿಯೇ ಆ ನಾಳದ ಒತ್ತಡ. ಮನೆಯಲ್ಲಿರುವ ಬ್ಯಾಟರಿ ಬಿ.ಪಿ. ಯಂತ್ರವನ್ನು ಕಾಲಿಗೆ ಕಟ್ಟಿ ನೋಡುವ ಆಸೆ ಬೇಡ. ಒತ್ತಡ ತೀರಾ ಇಳಿದ ಕಾಲಿನಲ್ಲಿ ಅದು ತಪ್ಪು ಹೇಳಬಹುದು, ತಪ್ಪು ನೆಮ್ಮದಿಯನ್ನೂ ಕೊಡಬಹುದು.

ಇನ್ನು ಭಾಗಾಕಾರ. ಬಲದೋಳು 138, ಎಡದೋಳು 144 ಎನ್ನಿ. ಬಲಗಾಲಿನ ಎರಡು ನಾಳಗಳಲ್ಲಿ 96 ಮತ್ತು 104. ಕಾಲಿನ ಹೆಚ್ಚಿನ ಅಂಕಿಯನ್ನು ತೋಳಿನ ಹೆಚ್ಚಿನ ಅಂಕಿಯಿಂದ ಭಾಗಿಸಿದರೆ, 104ನ್ನು 144ರಿಂದ, ಸಿಗುವುದು 0.72. ಎಡಗಾಲಿಗೂ ಹೀಗೆಯೇ. 1.00ರಿಂದ 1.40ರವರೆಗೆ ಸಹಜ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆಯಿದೆ. 0.91ರಿಂದ 0.99 ಅಂಚಿನ ಸ್ಥಿತಿ. ಲಕ್ಷಣಗಳಿದ್ದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮತ್ತೆ ಅಳೆಯುತ್ತಾರೆ.

1.40 ದಾಟಿದರೆ ಖುಷಿಪಡುವಂತಿಲ್ಲ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವವರಲ್ಲಿ, ಮೂತ್ರಪಿಂಡ ಸೋತವರಲ್ಲಿ ನಾಳದ ಗೋಡೆಗೆ ಸುಣ್ಣ ಸೇರಿ ಗಡುಸಾಗಿ, ಪಟ್ಟಿಯ ಒತ್ತಡಕ್ಕೆ ಅದು ಮಣಿಯುವುದೇ ಇಲ್ಲ. ಅಂಥವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ಅಳೆದು, ಅದನ್ನು ತೋಳಿನ ಅಂಕಿಯಿಂದ ಭಾಗಿಸಬೇಕು. ಅಲ್ಲಿ ಅನುಪಾತ 0.70ಕ್ಕಿಂತ ಕಡಿಮೆಯಾದರೆ ಅಸಹಜ. ಮನೆಗೊಬ್ಬರಂತೆ ಸಕ್ಕರೆ ಕಾಯಿಲೆಯವರು ಕಾಣಸಿಗುವ ನಮ್ಮಲ್ಲಿ ಇದನ್ನು ಮರೆಯಬಾರದು.

ಅಂಕಿ ಕಾಲಿನ ಬಗ್ಗೆ ಮಾತ್ರ ಹೇಳುವುದಿಲ್ಲ. 16 ಅಧ್ಯಯನಗಳ ಮಾಹಿತಿ ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಎಬಿಐ 0.90 ಅಥವಾ ಕಡಿಮೆಯಿದ್ದವರಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು ಕಂಡುಬಂತು. ಕಾಲಿನ ನಾಳ ಕಟ್ಟಿಕೊಂಡವರ ಹೃದಯ, ಮಿದುಳಿನ ನಾಳಗಳೂ ಚೊಕ್ಕಟವಾಗಿರುವುದು ಅಪರೂಪ. ಆದ್ದರಿಂದಲೇ ಬೀಡಿ ಸಿಗರೇಟು ಬಿಡಿಸಿ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ ಬರೆಯುತ್ತಾರೆ.

ಕಿರಿದಾದ ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಬೇಡವೇ ಎಂದರೆ, ಅಮೆರಿಕದ ‘ಕ್ಲೆವರ್’ ಪ್ರಯೋಗದ ಉತ್ತರ ಸ್ವಾರಸ್ಯಕರ. ಆರು ತಿಂಗಳ ಬಳಿಕ ನಡೆಯುವ ಶಕ್ತಿ ಹೆಚ್ಚು ಸುಧಾರಿಸಿದ್ದು ಸ್ಟೆಂಟ್ ಹಾಕಿಸಿಕೊಂಡವರಿಗಲ್ಲ, ತರಬೇತುದಾರರ ಕಣ್ಗಾವಲಿನಲ್ಲಿ ಟ್ರೆಡ್‌ಮಿಲ್ ನಡೆದವರಿಗೆ. ಬದುಕು ಹಗುರಾಯಿತೆಂದು ಹೆಚ್ಚಾಗಿ ಹೇಳಿದವರು ಮಾತ್ರ ಸ್ಟೆಂಟ್‌ನವರು. ಎರಡಕ್ಕೂ ಬೆಲೆಯಿದೆ. ಆದರೆ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಹುಣ್ಣು ಮಾಯದಿದ್ದರೆ ನಡಿಗೆಯನ್ನು ನೆಚ್ಚಿ ಕೂರುವಂತಿಲ್ಲ, ತಜ್ಞರನ್ನು ಕಾಣಬೇಕು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ನಡಿಗೆಗೂ ಒಂದು ಕ್ರಮವಿದೆ. ವೈದ್ಯರು ಹೃದಯ ನೋಡಿ ಒಪ್ಪಿದ ಮೇಲೆ, ನೋವು ಸಾಕಷ್ಟು ಏರುವವರೆಗೆ ನಡೆದು, ಪೂರ್ತಿ ಇಳಿಯುವವರೆಗೆ ನಿಂತು, ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನ, ಕನಿಷ್ಠ 12 ವಾರ. ನೋವೇ ಬಾರದಂತೆ ಮೆಲ್ಲಗೆ ಅಡ್ಡಾಡಿದರೆ ಫಲ ಕಡಿಮೆ. ಟ್ರೆಡ್‌ಮಿಲ್ ಇಲ್ಲದವರು ಬೀದಿಯ ವಿದ್ಯುತ್ ಕಂಬಗಳನ್ನು ಎಣಿಸಿದರಾಯಿತು: ಇವತ್ತು ಎಷ್ಟನೆಯ ಕಂಬದ ಹತ್ತಿರ ನೋವು ಶುರುವಾಯಿತು, ಎಷ್ಟನೆಯದರ ಬಳಿ ನಿಲ್ಲಬೇಕಾಯಿತು ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ, ಮುಂದಿನ ಭೇಟಿಗೆ ಆ ಹಾಳೆಯನ್ನೂ ಒಯ್ಯಿರಿ.