ಸುಟ್ಟ ಮೋಟಾರು, ಹದಿನೈದನೇ ದಿನದ ದುಡ್ಡು

ಕೊಳವೆಬಾವಿ ಮೋಟಾರು ರಿಪೇರಿಗೆ ವರ್ಷಕ್ಕೊಂದೇ ಟೆಂಡರು ಕರೆಯುತ್ತೇನೆ ಅಂದಾಗ ತಾಲೂಕು ಪಂಚಾಯಿತಿ ಮೀಟಿಂಗಿನ ಹಿಂದಿನ ಸಾಲಿನಿಂದ ನಗು ಕೇಳಿಸಿತು. “ಏನಪ್ಪಾ, ಮೋಟಾರು ನಿನ್ನ ಟೆಂಡರು ನೋಡ್ಕೊಂಡು ಸುಡುತ್ತಾ?” ಅಂತ ಒಬ್ಬ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಗೆಳೆಯ ಕೇಳಿದ. ಹೋದ ಬೇಸಿಗೆಯಲ್ಲಿ ಅದೇ ಗೆಳೆಯ ನನ್ನ ಟೆಂಡರಿನ ಷೆಡ್ಯೂಲನ್ನು, ಅಂದರೆ ಯಾವ ಕೆಲಸ ಎಷ್ಟು ಅನ್ನೋ ಪಟ್ಟಿಯನ್ನು, ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದ. ಇನ್ನೂ ನಾಲ್ಕೈದು ಜನ ಫೋನು ಮಾಡಿ ಕೇಳಿದರು. ಒಬ್ಬೊಬ್ಬರಿಗೂ ಹೇಳೋ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಪಿಡಿಓ ಆಗಿರೋದು ಕೋಲಾರ ತಾಲೂಕಿನ ಗ್ರಾಮ ಪಂಚಾಯಿತಿಯಲ್ಲಿ. 11 ಹಳ್ಳಿ, 38 ಕೊಳವೆಬಾವಿ, ಅದರಲ್ಲಿ ನೀರು ಕೊಡೋವು 27 ಇಲ್ಲ 28. ಸಾವಿರ ಅಡಿಗಿಂತ ಕಡಿಮೆ ಆಳದ್ದು ಕೈಬೆರಳಲ್ಲಿ ಎಣಿಸಬಹುದು. ಮನೆ ಮನೆಗೆ ನಲ್ಲಿ ಬಂದಮೇಲೆ ಮೋಟಾರು ಓಡೋ ಗಂಟೆಯೂ ಜಾಸ್ತಿ, ಸುಡೋದೂ ಜಾಸ್ತಿ.

ಹಳೆಯ ಪದ್ಧತಿ ನಿಮಗೆಲ್ಲ ಗೊತ್ತಿರೋದೇ. ಬೆಳಗ್ಗೆ ಆರಕ್ಕೆ ನೀರುಗಂಟಿ ಫೋನು: “ಸಾರ್, ಮೋಟಾರು ಹೋಯ್ತು.” ಏಳಕ್ಕೆ ಆ ವಾರ್ಡಿನ ಮೆಂಬರು. ಎಂಟಕ್ಕೆ ಖಾಲಿ ಕೊಡ ಹಿಡಿದ ಹೆಂಗಸರು ಪಂಚಾಯಿತಿ ಬಾಗಿಲಲ್ಲಿ. ಆ ಹೊತ್ತಲ್ಲಿ ದರ ಮಾತಾಡೋ ಧೈರ್ಯ ಯಾರಿಗಿರುತ್ತೆ? ಗೊತ್ತಿರೋ ಮೆಕ್ಯಾನಿಕ್ಕಿಗೆ ಹೇಳೋದು, ಎತ್ತಿಸೋದು, ರೀವೈಂಡಿಂಗ್ (ಸುಟ್ಟ ತಾಮ್ರದ ಸುರುಳಿ ತೆಗೆದು ಹೊಸದು ಸುತ್ತೋದು) ಮಾಡಿಸೋದು, ಇಳಿಸೋದು. ಬಿಲ್ಲು ಬಂದಮೇಲೆ ಹಿಂದಿನ ತಾರೀಖು ಹಾಕಿ ಮೂರು ಕೊಟೇಶನ್ ಜೋಡಿಸೋದು. ನಮ್ಮ ಒಂದು ಫೈಲಿನಲ್ಲಿ ಮೂರು ಅಂಗಡಿಯ ಮೂರು ಲೆಟರ್‌ಹೆಡ್ಡಿನಲ್ಲೂ ‘ರೀವೈಡಿಂಗ್’ ಅಂತ ಒಂದೇ ತಪ್ಪಿತ್ತು. 2021–22ರಲ್ಲಿ ಹೀಗೆ ಇಪ್ಪತ್ತು ಸಾವಿರ, ಮೂವತ್ತೈದು ಸಾವಿರದ ಬಿಲ್ಲುಗಳೇ ಸೇರಿ ಹೆಚ್ಚುಕಮ್ಮಿ 14 ಲಕ್ಷ ದಾಟಿದ್ದವು. ಆಡಿಟ್‌ನವರು ಬಿಡುತ್ತಾರೆಯೇ? ಐದು ಲಕ್ಷದೊಳಗಿನ ಕೆಲಸಕ್ಕೆ ಸರ್ಕಾರಿ ಖರೀದಿಯ ಪಾರದರ್ಶಕ ಕಾಯ್ದೆಯಲ್ಲಿ ಟೆಂಡರಿನಿಂದ ವಿನಾಯಿತಿ ಇರೋದು ನಿಜ, ಆದರೆ ಒಂದೇ ತರದ ಖರ್ಚನ್ನು ತುಂಡು ತುಂಡು ಮಾಡಿದ್ದೀರಿ ಅಂತ ಬರೆದರು. ಬರೆದಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮೊದಲ ಟೆಂಡರು 2022–23ರಲ್ಲಿ. ಸರ್ಕಾರಿ ಟೆಂಡರು ಕರೆಯೋ ಕೆಪಿಪಿಪಿ ಪೋರ್ಟಲ್ ನನಗೆ ಆಗ ಹೊಸದು. ಇದು ಕಾಮಗಾರಿಯೋ ಸೇವೆಯೋ ಅಂತಲೇ ಎರಡು ವಾರ ಎಳೆದಾಡಿದೆವು. ಇಂಜಿನಿಯರೊಬ್ಬರು ಹಿಂಗಂದರು, ಅಕೌಂಟ್ಸ್‌ನವರು ಹಂಗಂದರು. ಕೊನೆಗೆ ಯಾವುದೋ ಸಿಸಿ ರಸ್ತೆ ಟೆಂಡರಿನ ಷರತ್ತುಗಳನ್ನೇ ನಕಲು ಮಾಡಿ ಹಾಕಿದೆ. ಇಷ್ಟು ವಹಿವಾಟಿರಬೇಕು, ಇಂಥ ದರ್ಜೆಯ ನೋಂದಣಿ ಇರಬೇಕು, ಹಿಂದೆ ಇಷ್ಟು ಮೊತ್ತದ ಕೆಲಸ ಮಾಡಿರಬೇಕು. ನಿಜವಾಗಿ ಮೋಟಾರು ಬಿಚ್ಚೋನ ಹತ್ತಿರ ಇದ್ಯಾವುದೂ ಇರಲ್ಲ. ಒಂದು ಬಿಡ್ಡೂ ಬರಲಿಲ್ಲ. ಎರಡನೇ ಸಲ ಕರೆದರೆ ಒಂದೇ ಒಂದು ಬಂತು, ಅದೂ ಅಂದಾಜಿಗಿಂತ ಮೂವತ್ತು ಪರ್ಸೆಂಟ್ ಮೇಲೆ. ರದ್ದು ಮಾಡಿ ಮತ್ತೆ ಕೊಟೇಶನ್ನಿಗೇ ಬಂದೆ. ನಮ್ಮ ಅಧ್ಯಕ್ಷರು ಪಾಪ ಒಳ್ಳೆಯವರು, “ಬಿಡಿ ಸಾರ್, ನಮ್ಮ ಕಡೆ ಆಗೋದಲ್ಲ ಅದು” ಅಂದರು.

ಆಮೇಲಿನ ವರ್ಷದ್ದು ಇನ್ನೂ ದೊಡ್ಡ ಪೆಟ್ಟು. ಷರತ್ತು ಸಡಿಲಿಸಿ ಐಟಂವಾರು ದರ ಕೇಳಿದೆ: ಎತ್ತಿ ಇಳಿಸೋದಕ್ಕೆ ಆಳದ ಮೇಲೆ, ರೀವೈಂಡಿಂಗಿಗೆ ಎಚ್‌ಪಿ ಮೇಲೆ, ಕೇಬಲ್ಲಿಗೆ ಮೀಟರ್ ಲೆಕ್ಕ, ಬುಷ್ಷು, ಬೇರಿಂಗ್, ಪ್ಯಾನಲ್ ಬೋರ್ಡಿನ ಕಾಂಟ್ಯಾಕ್ಟರ್ ಎಲ್ಲ ಬೇರೆ ಬೇರೆ. ಮೂರು ಬಿಡ್ ಬಂದವು, ನಾನು ಮೀಸೆ ತಿರುವಿಕೊಂಡೆ. ಗೆದ್ದವನು 15 ಎಚ್‌ಪಿ ರೀವೈಂಡಿಂಗಿಗೆ ಆರು ಸಾವಿರ ಬರೆದಿದ್ದ. ಮಾರ್ಕೆಟ್ಟಿನಲ್ಲಿ ಆಗಲೇ ಹನ್ನೊಂದು, ಹನ್ನೆರಡು ಸಾವಿರ. ಕೇಬಲ್ಲಿಗೆ ಮಾತ್ರ ಮಾರ್ಕೆಟ್ಟಿನ ಎರಡರಷ್ಟು. ನನ್ನ ಷೆಡ್ಯೂಲಿನಲ್ಲಿ ಕೇಬಲ್ಲು ವರ್ಷಕ್ಕೆ 300 ಮೀಟರ್ ಅಂತ ಅಂದಾಜಿಗೆ ಗೀಚಿದ್ದೆ, ಹಾಗಾಗಿ ಒಟ್ಟು ಮೊತ್ತದಲ್ಲಿ ಅವನೇ ಕಡಿಮೆ ಬಿದ್ದ. ಆಮೇಲೆ ನೋಡಿ, ಎತ್ತಿದ ಮೋಟಾರಿಗೆಲ್ಲ “ಕೇಬಲ್ ಹೋಗಿದೆ ಸಾರ್”. ವರ್ಷ ಮುಗಿಯೋದ್ರೊಳಗೆ ಸಾವಿರದ ನಾನೂರು ಮೀಟರ್ ಚಿಲ್ಲರೆ ಹೊಸ ಕೇಬಲ್ಲು ಬಾವಿಗಿಳಿದಿತ್ತು. 2023ರ ಬರ ಬೇರೆ, ತಕರಾರು ತೆಗೆದು ಕೂರೋಕೆ ಟೈಮೇ ಇಲ್ಲ. ಎರಡು ಲಕ್ಷದ ಹತ್ತಿರ ಕೈಬಿಟ್ಟಿತು. ತಪ್ಪು ಅವನದಲ್ಲ, ಪ್ರಮಾಣ ಬರೆದ ನನ್ನದು.

ಆ ಸಿಟ್ಟಿಗೇ ನೀರುಗಂಟಿಗಳ ಕೈಗೆ ಒಂದೊಂದು ಉದ್ದನೆ ನೋಟ್‌ಬುಕ್ಕು ಕೊಟ್ಟೆ. ಯಾವ ಬಾವಿ, ಯಾವ ದಿನ ಎತ್ತಿದ್ದು, ಎಷ್ಟು ಲೆಂತ್ (ತುಂಡು) ಪೈಪು, ಹೋಗಿದ್ದೇನು, ಹಾಕಿದ್ದೇನು. ನಮ್ಮ ಹಿರಿಯ ನೀರುಗಂಟಿಗೆ ಓದು ಬರಲ್ಲ, ಅವನ ಮಗಳು ಬರೆದುಕೊಡುತ್ತಾಳೆ. ಎಲ್ಲರಿಗಿಂತ ಅಚ್ಚುಕಟ್ಟಾದ ಪುಸ್ತಕ ಅವಳದೇ. ಹತ್ತು ತಿಂಗಳಲ್ಲಿ ಷೆಡ್ಯೂಲಿನ ಪ್ರಮಾಣ ತಾನಾಗೇ ಸಿಕ್ಕಿತು. ಇನ್ನೊಂದು ವಿಷಯವೂ ಹೊರಬಿತ್ತು: ವರ್ಷಕ್ಕೆ ನಲವತ್ತು ಚಿಲ್ಲರೆ ಸಲ ಎತ್ತಿದ್ದರಲ್ಲಿ ಅರ್ಧದಷ್ಟು ಎಂಟೇ ಬಾವಿಗಳದ್ದು. ಆ ಎಂಟರಲ್ಲಿ ಐದಕ್ಕೆ ಮೋಟಾರೇ ಕಾರಣವಲ್ಲ, ಲೋ ವೋಲ್ಟೇಜು ಮತ್ತೆ ನೀರುಗಂಟಿ ತಂತಿ ಹಾಕಿ ಬೈಪಾಸ್ ಮಾಡಿದ್ದ ಪ್ರಿವೆಂಟರ್, ಅಂದರೆ ಮೋಟಾರು ಸುಡದ ಹಾಗೆ ಕರೆಂಟು ಕಡಿಯೋ ಸಾಧನ. ಐದು ಪ್ಯಾನಲ್ಲು ಹೊಸದಾಗಿ ಹಾಕಿ ಬೀಗ ಜಡಿದೆ. ಖರ್ಚು ಅರವತ್ತು ಸಾವಿರದ ಸುತ್ತಮುತ್ತ. ಆ ಐದು ಬಾವಿಗಳಿಂದ ಆಮೇಲಿನ ವರ್ಷ ಎತ್ತಿದ್ದು ಎರಡೇ ಮೋಟಾರು.

ಇಷ್ಟಾದರೂ ದರ ಇಳಿಯುತ್ತೆ ಅನ್ನೋ ನಂಬಿಕೆ ನನಗಿರಲಿಲ್ಲ. ಒಂದು ಸಂಜೆ ಡೂಂಲೈಟ್ ಸರ್ಕಲ್ ಹತ್ತಿರ ಟೀ ಕುಡೀತಾ ರೀವೈಂಡಿಂಗ್ ಅಂಗಡಿಯವನೊಬ್ಬನನ್ನು ನೇರ ಕೇಳಿದೆ, ಯಾಕಯ್ಯಾ ಬಿಡ್ ಹಾಕಲ್ಲ ಅಂತ. ಅವನು ನಕ್ಕ. “ಅಣ್ಣಾ, ತಾಮ್ರದ ವೈರಿಗೆ ನಾನು ಕ್ಯಾಶ್ ಕೊಡಬೇಕು. ನೀವು ಕೊಡೋದು ಏಳು ತಿಂಗಳಿಗೆ. ಆ ಏಳು ತಿಂಗಳ ಬಡ್ಡಿಯೂ ನಿಮ್ಮ ದರದಲ್ಲೇ ಇದೆ.” ಆವತ್ತು ಟೀ ದುಡ್ಡು ನಾನೇ ಕೊಟ್ಟೆ.

15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರಿಗೆ ಮೀಸಲಾಗಿದ್ದ ಮೂವತ್ತು ಪರ್ಸೆಂಟ್ ನಂಬಿದ್ದರೆ ಕಂತು ಬಂದಾಗಲೇ ದುಡ್ಡು. ಅದಕ್ಕೇ ಸಣ್ಣ ಬಿಲ್ಲುಗಳನ್ನು ಸ್ವಂತ ಸಂಪನ್ಮೂಲದಿಂದ ಕೊಡೋದು, ಪ್ಯಾನಲ್ಲು, ಹೊಸ ಮೋಟಾರು ತರದ ದೊಡ್ಡದನ್ನು ಮಾತ್ರ ಹಣಕಾಸಿಗೆ ಹಾಕೋದು ಅಂತ ಕ್ರಿಯಾ ಯೋಜನೆಯಲ್ಲೇ ಬೇರೆ ಮಾಡಿದೆ. ನಮಗೆ ನರಸಾಪುರ, ವೇಮಗಲ್ ಕಡೆಯವರ ಹಾಗೆ ಫ್ಯಾಕ್ಟರಿ ಕಂದಾಯ ಇಲ್ಲ. ಇರೋದು ಎರಡು ಲೇಔಟು, ಒಂದೆರಡು ಟವರು, ವಸೂಲಾಗದ ನೀರಿನ ಕಂದಾಯ. ಆ ಬಾಕಿ ಹೇಗೆ ಎತ್ತಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಬರೆದರೆ ನಮ್ಮೂರವರೇ ಓದಿ ಬಿಡುತ್ತಾರೆ. ಮೂರು ಲಕ್ಷ ಚಿಲ್ಲರೆ ಬಂತು, ಅಷ್ಟು ಸಾಕು.

ಟೆಂಡರಿನಲ್ಲಿ ಒಂದು ಸಾಲು ಸೇರಿಸಿದೆ: ಅಳತೆ ಪುಸ್ತಕದಲ್ಲಿ ದಾಖಲಾದ 15 ದಿನದೊಳಗೆ ಪಾವತಿ. ಸಭೆಯಲ್ಲಿ ನಡಾವಳಿ ಮಾಡಿಸಿಕೊಂಡೆ, ನಾಳೆ ಬರೋ ಪಿಡಿಓ ತಪ್ಪಿಸಿಕೊಳ್ಳಬಾರದು ನೋಡಿ. ತೊಡಕಿದ್ದದ್ದು ಅಳತೆಯಲ್ಲೇ. ಇಳಿಸಿದ ಮೇಲೆ ಮೋಟಾರು ಸಾವಿರ ಅಡಿ ಕೆಳಗೆ, ಜೂನಿಯರ್ ಇಂಜಿನಿಯರು (ಜೆಇ) ಅಳೆಯೋದು ಏನನ್ನು? ಅದಕ್ಕೆ ಪೈಪುಗಳನ್ನು ನೆಲದ ಮೇಲೆ ಹರಡಿದಾಗ ಒಂದು ಫೋಟೋ, ಬಿಚ್ಚಿದ ಸ್ಟೇಟರಿನದೊಂದು (ಮೋಟಾರಿನಲ್ಲಿ ಸುರುಳಿ ಇರೋ ಭಾಗ), ಸುತ್ತಿದ ಮೇಲೆ ಇನ್ಸುಲೇಶನ್ ಸರಿಯಿದೆಯಾ ಅಂತ ನೋಡೋ ಮೆಗ್ಗರ್ ರೀಡಿಂಗಿನದೊಂದು. ಸ್ಥಳದಲ್ಲಿ ನೀರುಗಂಟಿ ಮತ್ತು ಮೆಂಬರ್ ಸಹಿ. ಜೆಇ ಗುರುವಾರ ಬಂದು ಒಟ್ಟಿಗೆ ಅಳತೆ ಪುಸ್ತಕ ಬರೀತಾರೆ. ಸುಟ್ಟ ತಾಮ್ರ ಪಂಚಾಯಿತಿಗೆ ವಾಪಸ್, ತೂಕ ಹಾಕಿ. ಮೊದಲು ಅದು ಎಲ್ಲಿಗೆ ಹೋಗ್ತಿತ್ತೋ ಯಾರೂ ಕೇಳಿರಲಿಲ್ಲ. ಎಲ್ಲ ಮೋಟಾರಿಗೂ ಬಾಡಿ ಮೇಲೆ ನಂಬರ್ ಪಂಚ್ ಮಾಡಿಸಿದ್ದೇನೆ. ಅದನ್ನು ಉಜ್ಜಿ ಅಳಿಸಬಹುದು, ಗೊತ್ತು. ಇನ್ನೊಂದು ಗುರುತೂ ಇದೆ, ಅದು ಎಲ್ಲಿದೆ ಅಂತ ಅಧ್ಯಕ್ಷರಿಗೂ ಹೇಳಿಲ್ಲ.

2024–25ಕ್ಕೆ ಐದು ಬಿಡ್. ಡೂಂಲೈಟ್ ಸರ್ಕಲ್ಲಿನವನೂ ಹಾಕಿದ್ದ, ಗೆಲ್ಲಲಿಲ್ಲ. ಗೆದ್ದ ದರದಲ್ಲಿ 15 ಎಚ್‌ಪಿ ರೀವೈಂಡಿಂಗ್ ಹತ್ತು ಸಾವಿರದೊಳಗೆ, ಕೇಬಲ್ಲು ಅಂಗಡಿ ದರಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ವರ್ಷದ ಒಟ್ಟು ಖರ್ಚು ಎಂಟೂವರೆ ಲಕ್ಷದ ಆಸುಪಾಸು. ಹದಿನೈದು ದಿನ ತಪ್ಪಿದ್ದು ಎರಡು ಸಲ, ಅದರಲ್ಲಿ ಒಂದು ಸಲ ನನ್ನ ಡಿಜಿಟಲ್ ಸಹಿಯ (ಡಿಎಸ್‌ಸಿ) ಅವಧಿ ಮುಗಿದಿತ್ತು.

ನಡುವೆ ಬೇರೆ ಕೈಯಾಡಿಸಿದ್ದೂ ಉಂಟು. ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಡೋ ಕೆಸಿ ವ್ಯಾಲಿ ನೀರು ತುಂಬಿದ ಕೆರೆ ಪಕ್ಕದ ಬಾವಿಯೊಂದರಲ್ಲಿ ನೀರು ಮೇಲೆ ಬಂದಿರಬಹುದು ಅಂತ ನೀರುಗಂಟಿ ಹೇಳುತ್ತಲೇ ಇದ್ದ. ಹಗ್ಗ ಬಿಟ್ಟು ನೋಡಿದರೆ ನಿಜ. ಮೋಟಾರನ್ನು ಮುನ್ನೂರು ಅಡಿ ಮೇಲಕ್ಕೆ ತಂದೆವು. ಹದಿನೈದು ಲೆಂತ್ ಪೈಪು ಉಳಿಯಿತು, ಅದನ್ನೇ ಇನ್ನೊಂದು ಹಳ್ಳಿಗೆ ಹಾಕಿದೆ. ಮಾರ್ಚ್ ಕೊನೆಗೆ ಮತ್ತೆ ನೂರು ಅಡಿ ಇಳಿಸಬೇಕಾಗಿ ಬಂದಿದ್ದನ್ನು ಮುಚ್ಚಿಡಲ್ಲ. ಇದೇ ಐಟಂ ದರದ ಜಾಡಿನಲ್ಲಿ ಚರಂಡಿ ಹೂಳಿಗೆ ಟ್ರಾಕ್ಟರ್ ಲೋಡ್ ಲೆಕ್ಕದ ಟೆಂಡರು ಕರೆದು ಕೈಸುಟ್ಟುಕೊಂಡೆ. ಹೂಳಿಗಿಂತ ಹೆಚ್ಚು ಕೆರೆ ಮಣ್ಣೇ ಲೋಡಾಯಿತು. ಮೊಬೈಲ್ ಸ್ಟಾರ್ಟರ್ ಎರಡು ಹಾಕಿಸಿದ್ದೆ. ಒಂದರ ಸಿಮ್ಮಿಗೆ ರೀಚಾರ್ಜ್ ಮಾಡಿಸೋರಿಲ್ಲದೆ ನಿಂತಿದೆ.

2024ರ ಗೌರಿ ಹಬ್ಬದ ದಿನ ಸಕಲೇಶಪುರದಲ್ಲಿ, ನಮ್ಮ ಬಯಲುಸೀಮೆಗೆ ನೀರು ತರೋ ಎತ್ತಿನಹೊಳೆ ಯೋಜನೆಯ ನೀರೆತ್ತಿದಾಗ ನಮ್ಮ ಮೆಂಬರೊಬ್ಬರು, “ಇನ್ನು ನಿಮ್ಮ ಮೋಟಾರು ಟೆಂಡರು ಯಾತಕ್ಕೆ ಸಾರ್?” ಅಂದರು. ಆ ವಾರ ಅವರ ವಾರ್ಡಿನಲ್ಲೇ ಎರಡು ಸುಟ್ಟವು.

ಈಗ ಉಳಿದಿರೋ ತಲೆನೋವು ಒಂದೇ. ತುರ್ತಿಗೆ ಅಂತ 12.5 ಎಚ್‌ಪಿಯ ಎರಡು ಸ್ಪೇರ್ ಮೋಟಾರು ತೆಗೆದು ಸ್ಟೋರಿನಲ್ಲಿ ಇಟ್ಟಿದ್ದೆ. ನಾಲ್ಕು ತಿಂಗಳು ಉಪಯೋಗಿಸದೆ ಇಟ್ಟಿದ್ದು ಯಾಕೆ ಅಂತ ಆಡಿಟ್ ಕೇಳಿದೆ. ಉತ್ತರ ಬರೆಯೋಣ ಅಂತ ಕೂತ ದಿನವೇ ಬೆಳಗ್ಗೆ ಆರಕ್ಕೆ ಫೋನು ಬಂತು. ಒಂದು ಇಳಿಯಿತು. ಇನ್ನೊಂದಕ್ಕೆ ಉತ್ತರ ಇನ್ನೂ ಬರೆಯಬೇಕು.