ಚೌಕ ಇಟ್ಟಿಗೆಯಲ್ಲಿ ದುಂಡು ಗುಮ್ಮಟ: ಲೆಗೊದಲ್ಲಿ ಗೋಳಗುಮ್ಮಟ ಕಟ್ಟಿದ ಬಗೆ

ಲೆಗೊ ಇಟ್ಟಿಗೆಯಲ್ಲಿ ಗೋಡೆ ಏಳಿಸುವುದು ಸುಲಭ, ಗುಮ್ಮಟ ಕೂರಿಸುವುದು ಕಷ್ಟ. ವಿಜಯಪುರದ ಗೋಳಗುಮ್ಮಟದ ಮಾದರಿ ಕಟ್ಟುವಾಗ ನನ್ನ ಹೆಚ್ಚಿನ ಹೊತ್ತು ಹೋಗಿದ್ದು ಗುಮ್ಮಟದ ಲೆಕ್ಕಕ್ಕೇ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಇದು ಕೈಗೆ ಬಂದರೆ ಕಲಬುರಗಿಯ ಹಫ್ತ್ ಗುಂಬಜ್, ಶ್ರೀರಂಗಪಟ್ಟಣದ ಗುಂಬಜ್, ಯಾವುದನ್ನು ಬೇಕಾದರೂ ಕಟ್ಟಬಹುದು.

ಮೊದಲು ಇಟ್ಟಿಗೆಯ ಅಳತೆ ಬಾಯಿಪಾಠ ಆಗಿರಬೇಕು. ಮೇಲಿನ ಗುಂಡಿಯನ್ನು ನಾವೆಲ್ಲ ಸ್ಟಡ್ ಅನ್ನುತ್ತೇವೆ. ಅದರ ವ್ಯಾಸ 4.8 ಮಿ.ಮೀ., ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿ.ಮೀ. ಇಟ್ಟಿಗೆಯ ಎತ್ತರ, ಸ್ಟಡ್ ಬಿಟ್ಟು, 9.6 ಮಿ.ಮೀ. ತೆಳು ಪ್ಲೇಟಿನದು 3.2. ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ. ಇನ್ನೂ ಮುಖ್ಯವಾದದ್ದು, ಐದು ಪ್ಲೇಟ್ ಪೇರಿಸಿದರೆ 16 ಮಿ.ಮೀ., ಅದು ಸರಿಯಾಗಿ ಎರಡು ಸ್ಟಡ್ ಅಗಲ. ಇಟ್ಟಿಗೆಯನ್ನು ಅಡ್ಡ ಮಲಗಿಸಿ ಕಟ್ಟುವ ಎಲ್ಲ ವಿದ್ಯೆಯೂ ಈ ಐದಕ್ಕೆ ಎರಡರ ಮೇಲೆ ನಿಂತಿದೆ. ಅಭಿಮಾನಿಗಳು ಇದನ್ನು ಸ್ನಾಟ್ ಎಂದು ಕರೆಯುತ್ತಾರೆ: ಸ್ಟಡ್ ಮೇಲಕ್ಕೆ ನೋಡದೆ ಪಕ್ಕಕ್ಕೋ ಕೆಳಕ್ಕೋ ನೋಡುವ ಕಟ್ಟಣೆ.

ಇನ್ನು ಕಟ್ಟಡ. 1656ರಲ್ಲಿ ಮುಗಿದ ಈ ಗೋರಿಯ ಹೊರಮೈ ಒಂದೊಂದು ಪಕ್ಕಕ್ಕೆ 47.5 ಮೀಟರ್, ಗುಮ್ಮಟದ ಹೊರವ್ಯಾಸ 44 ಮೀಟರ್, ಎತ್ತರ 51 ಮೀಟರ್. ಪಕ್ಕವನ್ನು 24 ಸ್ಟಡ್, ಅಂದರೆ 192 ಮಿ.ಮೀ. ಎಂದು ಹಿಡಿದೆ. ಆಗ ಪ್ರಮಾಣ ಸುಮಾರು 1:247. ಗುಮ್ಮಟ 178 ಮಿ.ಮೀ., ಒಟ್ಟು ಎತ್ತರ 206 ಮಿ.ಮೀ. ಆಗಬೇಕು. ಇದಕ್ಕಿಂತ ಚಿಕ್ಕದು ಮಾಡಿದರೆ ಮೂಲೆಯ ಗೋಪುರಗಳ ಏಳು ಅಂತಸ್ತು ತೋರುವುದಿಲ್ಲ. ದೊಡ್ಡದು ಮಾಡಿದರೆ ಗುಮ್ಮಟಕ್ಕೆ ಬೇಕಾಗುವ ತುಂಡುಗಳ ಸಂಖ್ಯೆ ಅಗಲದ ವರ್ಗದಷ್ಟು ಏರುತ್ತದೆ: ಅಗಲ ಎರಡು ಪಟ್ಟಾದರೆ ಹೊದಿಕೆಯ ತುಂಡು ನಾಲ್ಕು ಪಟ್ಟು. ಗೊತ್ತಿಲ್ಲದ ಅಳತೆಗಳನ್ನು (ಚಜ್ಜದ, ಅಂದರೆ ಹೊರಚಾಚಿದ ಸೂರಿನ ಎತ್ತರ, ಕಮಾನಿನ ಅಗಲ) ನೇರ ಎದುರಿನಿಂದ ತೆಗೆದ ಫೋಟೊದಲ್ಲಿ ಅಳೆದು, 47.5 ಮೀಟರಿನ ಪಕ್ಕಕ್ಕೆ ಹೋಲಿಸಿ ತೆಗೆಯಬಹುದು. ಹತ್ತಿರದಿಂದ ಕತ್ತೆತ್ತಿ ತೆಗೆದ ಫೋಟೊ ಇದಕ್ಕೆ ಬಾರದು. ಅದರಲ್ಲಿ ಗುಮ್ಮಟ ನಿಜಕ್ಕಿಂತ ಚಪ್ಪಟೆಯಾಗಿ ಕಾಣುತ್ತದೆ.

ಗುಮ್ಮಟವನ್ನು ಬಳೆಯ ಮೇಲೆ ಬಳೆ ಇಟ್ಟ ಹಾಗೆ ಪದರ ಪದರವಾಗಿ ಪೇರಿಸೋಣ ಎಂದೇ ಎಲ್ಲರಿಗೂ ಮೊದಲು ಹೊಳೆಯುವುದು. ಅದು ಯಾಕೆ ಚೆನ್ನಾಗಿ ಬರುವುದಿಲ್ಲ ಎಂಬುದು ಲೆಕ್ಕದಲ್ಲೇ ಗೊತ್ತಾಗುತ್ತದೆ. ಸುಮಾರು 90 ಮಿ.ಮೀ. ತ್ರಿಜ್ಯದ ಅರ್ಧಗೋಳದಲ್ಲಿ ಬುಡದಿಂದ ಹತ್ತು ಪ್ಲೇಟ್ ಮೇಲೇರಿದರೂ ತ್ರಿಜ್ಯ ಕುಗ್ಗುವುದು 6 ಮಿ.ಮೀ. ಮಾತ್ರ, ಒಂದು ಸ್ಟಡ್ಡಿಗಿಂತ ಕಡಿಮೆ. ಹಾಗಾಗಿ ಬುಡದ ಹತ್ತು ಪದರ ಒಂದೇ ಅಳತೆಯಲ್ಲಿ ನಿಂತು ಡ್ರಮ್ಮಿನಂತೆ ಕಾಣುತ್ತದೆ. ಆಮೇಲೆ ಒಮ್ಮೆಲೇ 8 ಮಿ.ಮೀ. ಮೆಟ್ಟಿಲು ಬೀಳುತ್ತದೆ. ದೂರದಿಂದ ನೋಡಿದರೂ ಕಣ್ಣಿಗೆ ಚುಚ್ಚುವುದು ಈ ಮೆಟ್ಟಿಲೇ.

ಪರಿಹಾರ, ಲೊವೆಲ್ ಗೋಳ ಎಂದು ಹೆಸರಾದ ವಿಧಾನ. ಒಳಗೊಂದು ಘನಾಕೃತಿಯ ಚೌಕಟ್ಟು ಮಾಡಿ, ಅದರ ಆರೂ ಮುಖಗಳ ಮೇಲೆ ಹೊರಕ್ಕೆ ಉಬ್ಬಿದ ಹೊದಿಕೆ ಅಂಟಿಸುವುದು. ಆಗ ಯಾವ ಹೊದಿಕೆಯೂ 45 ಡಿಗ್ರಿಗಿಂತ ಹೆಚ್ಚು ಬಾಗಬೇಕಿಲ್ಲ. ಎಲ್ಲ ಕಡೆಯೂ ಮೆಟ್ಟಿಲಿನ ಎತ್ತರ ಒಂದೋ ಎರಡೋ ಪ್ಲೇಟಿಗೆ ನಿಲ್ಲುತ್ತದೆ. ಗುಮ್ಮಟಕ್ಕೆ ಬೇಕಾದದ್ದು ಅರ್ಧ ಗೋಳ, ಆದ್ದರಿಂದ ನೆತ್ತಿಗೆ ಒಂದು ಪೂರ್ತಿ ಹೊದಿಕೆ, ಪಕ್ಕಗಳಿಗೆ ನಾಲ್ಕು ಅರ್ಧ ಹೊದಿಕೆ.

ಚೌಕಟ್ಟನ್ನು 16 ಸ್ಟಡ್ ಅಗಲ, 16 ಸ್ಟಡ್ ಉದ್ದ, 20 ಪ್ಲೇಟ್ ಎತ್ತರಕ್ಕೆ ಮಾಡಿದೆ. ನಡುವಿನಿಂದ ಪಕ್ಕಕ್ಕೆ 8 ಸ್ಟಡ್, ಅಂದರೆ 64 ಮಿ.ಮೀ. ಎತ್ತರ 20 ಪ್ಲೇಟ್, ಅದೂ 64 ಮಿ.ಮೀ. ಎರಡೂ ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಂದುತ್ತವೆ. ಅದರ ಮೇಲೆ ಎಂಟು ಪ್ಲೇಟ್ ದಪ್ಪದ ಹೊದಿಕೆ 25.6 ಮಿ.ಮೀ. ಸೇರಿದರೆ ತ್ರಿಜ್ಯ 89.6, ವ್ಯಾಸ 179.2. ಬೇಕಿದ್ದದ್ದು 178. ಇಷ್ಟು ಹತ್ತಿರ ಬರುವ ಜೋಡಿ ಸಿಗುವವರೆಗೆ ಪ್ರಮಾಣವನ್ನೇ ಅತ್ತಿತ್ತ ಸರಿಸಿ ನೋಡುವುದು ಒಳ್ಳೆಯದು. ಚೌಕಟ್ಟಿನ ಅರ್ಧ ಅಗಲ ಯಾವಾಗಲೂ ಎರಡರ ಗುಣಕದ ಸ್ಟಡ್ ಆಗಿರಲಿ, ಆಗಷ್ಟೇ ಪ್ಲೇಟ್ ಲೆಕ್ಕ ಪೂರ್ಣಾಂಕಕ್ಕೆ ಬರುತ್ತದೆ.

ಹೊದಿಕೆಯ ಎಂಟು ಪದರಗಳ ವ್ಯಾಸವನ್ನು ಪೈಥಾಗೊರಸ್ ಪ್ರಮೇಯದಿಂದ ತೆಗೆಯಬಹುದು. ತ್ರಿಜ್ಯದ ವರ್ಗದಿಂದ ಪದರದ ಎತ್ತರದ ವರ್ಗ ಕಳೆದು ವರ್ಗಮೂಲ ತೆಗೆದರೆ ಆ ಪದರದ ತ್ರಿಜ್ಯ. ಪದರದ ನಡುಮಟ್ಟದ ಎತ್ತರ ಹಿಡಿದು, ಬಂದ ವ್ಯಾಸವನ್ನು ಹತ್ತಿರದ ಸಮಸಂಖ್ಯೆಗೆ ಹೊಂದಿಸಿದಾಗ ನನಗೆ ಸಿಕ್ಕಿದ್ದು ಒಳಗಿನಿಂದ ಹೊರಕ್ಕೆ 16, 14, 14, 12, 10, 10, 8, 4 ಸ್ಟಡ್. ಸಮಸಂಖ್ಯೆ ಯಾಕೆಂದರೆ ಚೌಕಟ್ಟಿನ ಅಗಲ ಸಮ. ಬೆಸ ವ್ಯಾಸದ ಪದರ ಇಟ್ಟರೆ ಅದು ಅರ್ಧ ಸ್ಟಡ್ ಒಂದು ಕಡೆಗೆ ವಾಲುತ್ತದೆ.

ಪಕ್ಕದ ಹೊದಿಕೆ ಹಿಡಿಯಲು ಚೌಕಟ್ಟಿನ ಗೋಡೆಯಲ್ಲಿ ಪಕ್ಕಕ್ಕೆ ಸ್ಟಡ್ ಇರುವ ಇಟ್ಟಿಗೆ ಬೇಕು. ಒಂದೇ ಮುಖದಲ್ಲಿ ಎರಡು ಸ್ಟಡ್ ಇರುವ 1×2 (ಅಗಲಕ್ಕೆ ಒಂದು, ಉದ್ದಕ್ಕೆ ಎರಡು ಸ್ಟಡ್) ಇಟ್ಟಿಗೆ, ಲೆಗೊ ತುಂಡಿನ ಸಂಖ್ಯೆ 11211, ಇದಕ್ಕೆ ಸರಿ. ಒಂದು ಸಾಲು ಈ ಇಟ್ಟಿಗೆ, ಮೇಲೆ ಎರಡು ಪದರ ಪ್ಲೇಟ್, ಮತ್ತೆ ಈ ಇಟ್ಟಿಗೆ, ಹೀಗೆ ನಾಲ್ಕು ಸುತ್ತು. ಮೂರಕ್ಕೆ ಎರಡು ಸೇರಿ ಐದು ಪ್ಲೇಟ್ ಆಗುವುದರಿಂದ ಸಾಲಿನಿಂದ ಸಾಲಿಗೆ 16 ಮಿ.ಮೀ., ಹೊದಿಕೆಯ ಒಳಮೈ ಎರಡೆರಡು ಸ್ಟಡ್ಡಿಗೆ ಸರಿಯಾಗಿ ಕೂರುತ್ತದೆ. ನಡುವಿನ ಎರಡು ಪ್ಲೇಟ್ ಬಿಟ್ಟು ಇಟ್ಟಿಗೆಯ ಮೇಲೆ ನೇರ ಇಟ್ಟಿಗೆ ಇಟ್ಟರೆ ಸ್ಟಡ್‌ಗಳ ಅಂತರ 9.6 ಆಗಿ ಹೊದಿಕೆ ಕೂರುವುದೇ ಇಲ್ಲ. ಕೆಳಗಿನ ಮೂರು ಸಾಲಿಗೆ ನಾಲ್ಕು ನಾಲ್ಕು, ಮೇಲಿನ ಸಾಲಿಗೆ ಎರಡು, ಪಕ್ಕಕ್ಕೆ 14ರಂತೆ ಒಟ್ಟು 56 ಬೇಕು.

ಚೌಕಟ್ಟಿನ ನಾಲ್ಕು ಮೂಲೆಗಳ ಕಡೆ ಗಮನ ಇರಲಿ. ಬುಡದಲ್ಲಿ ಮೂಲೆ ನಡುವಿನಿಂದ 90.5 ಮಿ.ಮೀ. ದೂರದಲ್ಲಿದೆ, ಗೋಳದ ಮೈಗೆ ಹೆಚ್ಚುಕಡಿಮೆ ಸಮ. ಮೇಲೇರಿದಂತೆ ಗೋಳ ಒಳಕ್ಕೆ ಸರಿಯುತ್ತದೆ, ಮೂಲೆ ಅಲ್ಲೇ ನಿಂತರೆ ಕೊಂಬಿನಂತೆ ಹೊರಚಾಚುತ್ತದೆ. ಆರೇಳು ಪ್ಲೇಟ್ ಆದ ಮೇಲೆ ಮೂಲೆಯ ಒಂದೊಂದು ಸ್ಟಡ್ ತೆಗೆಯುತ್ತ ಹೋಗಬೇಕು, ಕೊನೆಯ ಪದರದ ಹೊತ್ತಿಗೆ ಚೌಕ ಹೋಗಿ 16 ಸ್ಟಡ್ ವೃತ್ತವಾಗಿರಬೇಕು. ಹೊದಿಕೆಗಳು ಕೂಡುವ ಅಂಚಿನಲ್ಲಿ ಸಣ್ಣ ಸಂದು ಉಳಿದೇ ಉಳಿಯುತ್ತದೆ. ಅಲ್ಲಿಗೆ ಚೀಸ್ ಸ್ಲೋಪ್ ಎಂಬ 1×1 ಇಳಿಜಾರು ತುಂಡು (54200) ಅಥವಾ 1×1 ದುಂಡು ಪ್ಲೇಟ್ ಹಾಕಿದರೆ ಕಾಣುವುದಿಲ್ಲ. ಹೊದಿಕೆಯ ಪದರಗಳನ್ನು ಒಂದು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಹೆಣೆಯಿರಿ. ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ ಕೈಯಲ್ಲಿ ಎತ್ತುವಾಗಲೇ ನಡುವೆ ಬಾಗಿ ಬಿಚ್ಚಿಕೊಳ್ಳುತ್ತದೆ. ಹೊರಗೆ ಕಾಣುವ ಕಡೆ ಪ್ಲೇಟಿನ ಬದಲು ಟೈಲ್, ಅಂದರೆ ಸ್ಟಡ್ ಇಲ್ಲದ ಪ್ಲೇಟ್, ಹಾಕಿದರೆ ಮೈ ನುಣುಪಾಗುತ್ತದೆ. ಟೈಲಿನ ದಪ್ಪವೂ 3.2, ಲೆಕ್ಕ ಬದಲಾಗದು.

ಇಲ್ಲಿ ತಯಾರಿಕೆಯ ವಿಷಯ ಹೇಳಲೇಬೇಕು, ಯಾಕೆಂದರೆ ಈ ಕಟ್ಟಣೆ ನಿಂತಿರುವುದೇ ಅದರ ಮೇಲೆ. ಎಬಿಎಸ್ ಪ್ಲಾಸ್ಟಿಕ್ಕಿನ ಕಾಳುಗಳನ್ನು ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಿ, ಉಕ್ಕಿನ ಅಚ್ಚಿಗೆ ಭಾರೀ ಒತ್ತಡದಲ್ಲಿ ತುಂಬುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಆರಿ ಗಟ್ಟಿಯಾಗುತ್ತದೆ, ತಳ್ಳುಕಡ್ಡಿಗಳು ಅದನ್ನು ಹೊರಕ್ಕೆ ದೂಡುತ್ತವೆ. ಎಬಿಎಸ್ ಆರುವಾಗ ಶೇ. 0.4ರಿಂದ 0.7ರವರೆಗೆ ಕುಗ್ಗುತ್ತದೆ. 2×4 ಇಟ್ಟಿಗೆಯ 31.8 ಮಿ.ಮೀ. ಉದ್ದದಲ್ಲಿ ಅದು 0.13ರಿಂದ 0.22 ಮಿ.ಮೀ. ಆದ್ದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಕೊರೆದಿರಬೇಕು. ಉದ್ದ 32 ಇರದೆ 31.8 ಇರುವುದೂ ಬೇಕೆಂದೇ. ಎರಡೂ ಬದಿಗೆ 0.1 ಬಿಟ್ಟಿರುವುದರಿಂದಲೇ ಪಕ್ಕಪಕ್ಕದ ಇಟ್ಟಿಗೆಗಳು ಒಂದನ್ನೊಂದು ತಳ್ಳದೆ ಕೂರುತ್ತವೆ. ಒಳಗಿನ ಕೊಳವೆ ಕೆಳಗಿನ ಇಟ್ಟಿಗೆಯ ಸ್ಟಡ್‌ಗಳನ್ನು ಬಿಗಿಹಿಡಿಯುವ ವಿನ್ಯಾಸಕ್ಕೆ ಡೆನ್ಮಾರ್ಕಿನ ಬಿಲ್ಲುಂಡ್‌ನ ಲೆಗೊ ಕಂಪನಿಯ ಗಾಟ್‌ಫ್ರೆಡ್ ಕಿರ್ಕ್ ಕ್ರಿಸ್ಟಿಯಾನ್ಸನ್ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಅದಕ್ಕೆ ಮುಂಚಿನ ಟೊಳ್ಳು ಇಟ್ಟಿಗೆಗಳಲ್ಲಿ ಈ ಹಿಡಿತ ಇರಲಿಲ್ಲ.

ಅಗ್ಗದ ನಕಲು ಇಟ್ಟಿಗೆ ಸಾಲದೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ನೇರ ಗೋಡೆಗೆ ಸಾಕು. ಆದರೆ ಚೌಕಟ್ಟಿನ 20 ಪ್ಲೇಟ್ ಎತ್ತರ 8 ಸ್ಟಡ್ ಅಗಲಕ್ಕೆ ಸಮ ಬರಬೇಕು. ಒಂದು ಪ್ಲೇಟ್ 0.03 ಮಿ.ಮೀ. ದಪ್ಪಗಿದ್ದರೂ 20ಕ್ಕೆ 0.6 ಮಿ.ಮೀ. ಆಗುತ್ತದೆ, ಪಕ್ಕದ ಹೊದಿಕೆಯ ಮೇಲಿನ ಸಾಲು ಕೂರುವುದಿಲ್ಲ, ಒತ್ತಿ ಕೂರಿಸಿದರೆ ಕೆಳಗಿನ ಸಾಲು ಏಳುತ್ತದೆ. ಬೇರೆ ತಯಾರಕರ ತುಂಡು ಬಳಸಲೇಬೇಕಾದರೆ 20 ಪ್ಲೇಟ್ ಪೇರಿಸಿ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ಮೇಲಿನ ಸ್ಟಡ್ ಬಿಟ್ಟು 64 ಬಂದರೆ ಮಾತ್ರ ಚೌಕಟ್ಟಿಗೆ ಹಾಕಿ.

ಗೋಡೆಯ ಭಾಗ ಬೇಗ ಮುಗಿಯುತ್ತದೆ. ಎತ್ತರ 37 ಪ್ಲೇಟ್, ದಪ್ಪ ಎರಡು ಸ್ಟಡ್. ಗೋಪುರಗಳ ನಡುವೆ ಉಳಿಯುವ 18 ಸ್ಟಡ್ಡಿನಲ್ಲಿ ನಡುವಿಗೆ 1×8×2 ಕಮಾನು (3308), ಎರಡು ಬದಿಗೆ 1×5×4 ಕಮಾನು (2339). ಕಮಾನಿನ ಹಿಂದೆ ಒಂದು ಸ್ಟಡ್ ಬಿಟ್ಟು ಗಾಢ ಬೂದು ಗೋಡೆ ಇಟ್ಟರೆ ಆಳ ಬರುತ್ತದೆ. ಚಜ್ಜಕ್ಕೆ ತಲೆಕೆಳಗಾದ ಸ್ಲೋಪ್ (3665) ಸಾಲಾಗಿ.

ಕಟ್ಟಡದ ಮೂಲೆಗಳಲ್ಲಿ ನಿಂತ ಎಂಟು ಮುಖದ ಗೋಪುರಗಳೇ ಈ ಮಾದರಿಯ ಸೊಗಸು. ಮೂಲೆ ಕತ್ತರಿಸಿದ 2×2 ಪ್ಲೇಟ್ (26601) ನಾಲ್ಕನ್ನು, ಕತ್ತರಿಸಿದ ಮೂಲೆ ಹೊರಕ್ಕೆ ಬರುವಂತೆ ಜೋಡಿಸಿದರೆ 4×4ರ ಅಷ್ಟಕೋನ ಸಿಗುತ್ತದೆ. ನಿಯಮಿತ ಅಷ್ಟಕೋನಕ್ಕೆ ಮೂಲೆಯಿಂದ 1.17 ಸ್ಟಡ್ ಕತ್ತರಿಸಬೇಕು, ಇಲ್ಲಿ ಕತ್ತರಿಸಿರುವುದು ಸುಮಾರು ಒಂದು, ಕಣ್ಣಿಗೆ ವ್ಯತ್ಯಾಸ ತಿಳಿಯದು. ಪ್ರತಿ ಅಂತಸ್ತಿಗೆ ಒಂದು ಇಟ್ಟಿಗೆ ಎತ್ತರದ ಮೈ: ನಡುವೆ 2×2, ನಾಲ್ಕು ಬದಿಗೆ 1×2. ಅದರ ಮೇಲೆ ಎರಡು ಪದರ ಅಷ್ಟಕೋನ ಪ್ಲೇಟ್. ಐದು ಪ್ಲೇಟಿನಂತೆ ಏಳು ಅಂತಸ್ತಿಗೆ 35, ಬುಡಕ್ಕೆ ಎರಡು, ಒಟ್ಟು 37, ಗೋಡೆಯ ಎತ್ತರಕ್ಕೆ ಸರಿಸಮ. ಹೊರಗೆ ಕಾಣುವ 1×2ರ ಬದಲು ಹೆಡ್‌ಲೈಟ್ ಇಟ್ಟಿಗೆ (4070) ಎರಡನ್ನು ಬೆನ್ನು ಹೊರಗೆ ಮಾಡಿ ಇಟ್ಟರೆ ಅದರ ಚೌಕ ತೂತು ಕಿಟಕಿಯಾಗುತ್ತದೆ.

ಗುಮ್ಮಟವನ್ನು ಗೋಡೆಗೆ ಗಟ್ಟಿಯಾಗಿ ಒತ್ತಬೇಡಿ. ಗೋಡೆಯ ನೆತ್ತಿಗೆ ಟೈಲ್ ಹಾಕಿ, ಒಳಗೆ ಅಡ್ಡಲಾಗಿ ಟೆಕ್ನಿಕ್ ತೊಲೆಗಳನ್ನು (ಪಕ್ಕದಲ್ಲಿ ತೂತಿರುವ ಉದ್ದನೆಯ ಲೆಗೊ ತುಂಡು) ಹಾಯಿಸಿ, ಅವುಗಳ ಮೇಲೆ ನಾಲ್ಕು ಸ್ಟಡ್ ಮಾತ್ರ ಬಿಟ್ಟು ಚೌಕಟ್ಟನ್ನು ಕೂರಿಸಿದರೆ ಬೇಕಾದಾಗ ಎತ್ತಿ ಒಳಗೆ ನೋಡಬಹುದು, ಸಾಗಿಸುವಾಗಲೂ ಬೇರೆ ಮಾಡಬಹುದು. ತಳಕ್ಕೆ ತೆಳು ಬೇಸ್‌ಪ್ಲೇಟ್ ಬೇಡ, ಅದರ ಕೆಳಗೆ ಏನನ್ನೂ ಸಿಕ್ಕಿಸಲಾಗದು, ಭಾರಕ್ಕೆ ಸೊಟ್ಟಗಾಗುತ್ತದೆ. 16×16 ಪ್ಲೇಟ್ (91405) ನಾಲ್ಕನ್ನು ಸೇರಿಸಿ, ಕೂಡುವ ಗೆರೆಯ ಮೇಲೆ 2×4 ಪ್ಲೇಟ್ ಹೊಲಿಗೆ ಹಾಕಿ.

ತುಂಡು ತರಿಸುವ ಮುಂಚೆ ಇಡೀ ಕಟ್ಟಣೆಯನ್ನು ಸ್ಟುಡಿಯೊ ತಂತ್ರಾಂಶದಲ್ಲಿ ಕಟ್ಟಿ ನೋಡಿ. ಒಂದು ತುಂಡು ಇನ್ನೊಂದರೊಳಗೆ ನುಗ್ಗಿದರೆ ಅದು ಎಚ್ಚರಿಸುತ್ತದೆ, ಆ ಬಣ್ಣದಲ್ಲಿ ಆ ತುಂಡು ತಯಾರೇ ಆಗಿಲ್ಲ ಎಂಬುದನ್ನೂ ತೋರಿಸುತ್ತದೆ. ಅದರಿಂದ ತೆಗೆದ ಪಟ್ಟಿ ನೇರ ಬ್ರಿಕ್‌ಲಿಂಕ್ ಎಂಬ ಲೆಗೊ ತುಂಡುಗಳ ಆನ್‌ಲೈನ್ ಮಾರುಕಟ್ಟೆಗೆ ಹೋಗುತ್ತದೆ. ಬಣ್ಣದ ಹೆಸರಿನಲ್ಲಿ ಎಡವಬೇಡಿ: ಬ್ರಿಕ್‌ಲಿಂಕ್‌ನ ಟ್ಯಾನ್ ಲೆಗೊದವರಿಗೆ ಬ್ರಿಕ್ ಯೆಲ್ಲೊ, ಡಾರ್ಕ್ ಟ್ಯಾನ್ ಎಂದರೆ ಸ್ಯಾಂಡ್ ಯೆಲ್ಲೊ, ಲೈಟ್ ಬ್ಲೂಯಿಶ್ ಗ್ರೇ ಎಂದರೆ ಮೀಡಿಯಂ ಸ್ಟೋನ್ ಗ್ರೇ. 2004ರ ಸುಮಾರಿಗೆ ಬೂದು ಬಣ್ಣವೇ ಬದಲಾಯಿತು. ಹಳೆ ಬೂದು ಸ್ವಲ್ಪ ಹಳದಿ ಕಡೆಗೆ, ಹೊಸದು ನೀಲಿ ಕಡೆಗೆ. ಸೆಕೆಂಡ್ ಹ್ಯಾಂಡ್ ಮೂಟೆ ಕೊಂಡರೆ ಹಗಲು ಬೆಳಕಿನಲ್ಲಿ ಬೇರೆ ಮಾಡಿ, ಟ್ಯೂಬ್‌ಲೈಟಿನಲ್ಲಿ ಮೋಸ ಹೋಗುತ್ತೀರಿ. ಭಾರತದಲ್ಲಿ ಆಟಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಹಾಗಾಗಿ ಗೋಡೆಯ ಒಳಪದರಕ್ಕೆ ಮನೆಯಲ್ಲಿರುವ ಯಾವ ಬಣ್ಣದ ಇಟ್ಟಿಗೆಯಾದರೂ ಹಾಕಿ, ಹೊರಗೆ ಕಾಣುವುದನ್ನು ಮಾತ್ರ ತರಿಸುವುದು ಜಾಣತನ.

ಹಳೆಯ ತುಂಡುಗಳನ್ನು 40 ಡಿಗ್ರಿ ಮೀರದ ನೀರಿನಲ್ಲಿ, ಸೌಮ್ಯ ಸೋಪು ಹಾಕಿ ಕೈಯಲ್ಲೇ ತೊಳೆಯಿರಿ. ಬಟ್ಟೆ ತೊಳೆಯುವ ಯಂತ್ರಕ್ಕೆ ಹಾಕಬಾರದು. 1963ಕ್ಕೆ ಮುಂಚಿನವು ಎಬಿಎಸ್ ಅಲ್ಲ, ಸೆಲ್ಯುಲೋಸ್ ಅಸಿಟೇಟ್. ಅವು ಕಾಲ ಕಳೆದಂತೆ ಸೊಟ್ಟಗಾಗುತ್ತವೆ, ಅಳತೆಯ ಕೆಲಸಕ್ಕೆ ಬೇಡ. ಬಿಸಿಲಿಗೆ ಹಳದಿಯಾದವನ್ನು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಬಣ್ಣ ಬಹುಪಾಲು ಮರಳುತ್ತದೆ. ಕೈಗವಸು ಹಾಕಿಕೊಳ್ಳಿ, ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಆಮ್ಲಜನಕ ಬಿಡುಗಡೆಯಾಗುತ್ತಿರುತ್ತದೆ. ಸ್ಟಿಕ್ಕರ್ ಅಂಟಿಸಿದ ಅಥವಾ ಚಿತ್ರ ಮುದ್ರಿಸಿದ ತುಂಡನ್ನು ಅದಕ್ಕೆ ಹಾಕಬೇಡಿ. ಕಟ್ಟಿ ಮುಗಿದ ಮಾದರಿಯನ್ನು ಕಿಟಕಿಯ ನೇರ ಬಿಸಿಲು ಬೀಳದ ಕಡೆ ಇಡಿ, ಧೂಳನ್ನು ಒಣಗಿದ ಮೆತ್ತನೆ ಪೇಂಟ್ ಬ್ರಷ್ಷಿನಿಂದ ನೆತ್ತಿಯಿಂದ ಕೆಳಕ್ಕೆ ಗುಡಿಸಿ.