ಚೆನ್ನೈ ಸಮುದ್ರ ನೋಡಿ ಕೋಲಾರದಲ್ಲಿ ರಾಗಿ ಕೊಯ್ಯುವುದು ಹೇಗೆ?

ಟೀವಿಯಲ್ಲಿ ‘ಕರಾವಳಿ’ ಅಂದ ಕೂಡಲೇ ನಮಗೆ ನೆನಪಾಗುವುದು ಮಂಗಳೂರು, ಕಾರವಾರ. ಮುಂಗಾರಿನಲ್ಲಿ ಅದು ಸರಿ. ಆದರೆ ದೀಪಾವಳಿ ಕಳೆದು ರಾಗಿ ತೆನೆ ಬಲಿಯುವ ಹೊತ್ತಿಗೆ ಕೋಲಾರದವರು ನೋಡಬೇಕಾದ ಕರಾವಳಿಯೇ ಬೇರೆ. ಕೋಲಾರದಿಂದ ನೇರ ಗೆರೆ ಎಳೆದರೆ ಮಂಗಳೂರು ಸುಮಾರು 350 ಕಿ.ಮೀ., ಚೆನ್ನೈ ಸುಮಾರು 230. ಅದೂ ನಮಗೆ ಹೆಚ್ಚುಕಮ್ಮಿ ನೇರ ಪೂರ್ವಕ್ಕೆ. ಹಿಂಗಾರು ಮಳೆ ಬರುವುದೂ ಆ ಕಡೆಯಿಂದಲೇ.

ಇದನ್ನು ನಾನು ಕಲಿತಿದ್ದು ನಷ್ಟ ಮಾಡಿಕೊಂಡು. 2021ರ ನವೆಂಬರ್‌ನಲ್ಲಿ ಆಳು ಸಿಕ್ಕರು ಅಂತ ರಾಗಿ ಕೊಯ್ಸಿಬಿಟ್ಟೆ. 11ರಂದು ಒಂದು ವಾಯುಭಾರ ಕುಸಿತ, ಅಂದರೆ ಕಡಲ ಮೇಲೆ ಗಾಳಿಯ ಒತ್ತಡ ತಗ್ಗಿ ಮಳೆ ತರುವ ಸುಳಿ, ಚೆನ್ನೈ ಹತ್ತಿರ ದಡ ಮುಟ್ಟಿತು. 19ರಂದು ಇನ್ನೊಂದು, ಪುದುಚೇರಿ ಮತ್ತು ಚೆನ್ನೈ ನಡುವೆ. ಹೊಲದಲ್ಲಿ ಹಾಸಿದ್ದ ಅರಿ, ಅಂದರೆ ಕೊಯ್ದ ರಾಗಿಯ ಸಾಲು, ಹಾಗೇ ನೆನೆಯಿತು. ಬಿಸಿಲು ಬಂದ ಮೇಲೆ ಎತ್ತಿ ನೋಡಿದರೆ ತೆನೆಯೊಳಗೆ ಸಣ್ಣ ಬಿಳಿ ಮೊಳಕೆ, ಅಡಿಯ ಹುಲ್ಲು ಕಪ್ಪು, ಮುಗ್ಗಲು ವಾಸನೆ. ದನ ಕೂಡ ಮೂಸಿ ನೋಡಿ ಮುಖ ತಿರುಗಿಸಿದವು.

ಈಗ ನಾನು ಶುರು ಮಾಡುವುದು ಗುರುವಾರ. ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ಎರಡು ವಾರದ ಮುನ್ನೋಟ ಕೊಡುತ್ತದೆ. ಅದರಲ್ಲಿ ಹುಡುಕುವುದು ಒಂದೇ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಮಾತಿದೆಯಾ? ಇದ್ದರೆ ಕೊಯ್ಲಿನ ಆಳಿಗೆ ಇನ್ನೂ ಮಾತು ಕೊಡಬೇಡಿ. ಹೆಸರಿಟ್ಟ ಚಂಡಮಾರುತ ಬಂದರೆ ಮಾತ್ರ ಹೆದರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಅದಕ್ಕೆ ಹೆಸರು. ನನ್ನ ರಾಗಿ ಹಾಳು ಮಾಡಿದ ಎರಡಕ್ಕೂ ಹೆಸರೇ ಇರಲಿಲ್ಲ.

ಎರಡನೆಯದು, ಅದು ಎಲ್ಲಿ ದಡ ಮುಟ್ಟುತ್ತದೆ ಅನ್ನುವುದು. ನನ್ನ ಪ್ರಕಾರ ಇಡೀ ವರದಿಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇಲ್ಲ. ನಾವಿರುವ ಭೂಮಿಯ ಉತ್ತರಾರ್ಧದಲ್ಲಿ ಇಂಥ ಸುಳಿಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಮೇಜಿನ ಮೇಲೆ ಒಂದು ತಟ್ಟೆ ಇಟ್ಟು ಎಡಕ್ಕೆ ತಿರುಗಿಸಿ ನೋಡಿ. ತಟ್ಟೆಯ ಮೇಲಂಚು ಬಲದಿಂದ ಎಡಕ್ಕೆ ಹೋಗುತ್ತದೆ, ಅಂದರೆ ಪೂರ್ವದಿಂದ ಪಶ್ಚಿಮಕ್ಕೆ. ಕೆಳಂಚು ಅದಕ್ಕೆ ಉಲ್ಟಾ. ಕುಸಿತ ಪುದುಚೇರಿ ಕಡೆ ದಡ ಮುಟ್ಟಿದರೆ ನಾವು ಅದರ ಮೇಲಂಚಿನಲ್ಲಿರುತ್ತೇವೆ. ಕಡಲ ತೇವ ಹೊತ್ತ ಗಾಳಿ ಚಿತ್ತೂರು, ಮುಳಬಾಗಿಲು ದಾಟಿ ನೇರ ನಮ್ಮ ಕಡೆ ಬರುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ದಡ ಮುಟ್ಟಿದ್ದು ಅಲ್ಲೇ. ಆಮೇಲೆ ನಮ್ಮಲ್ಲೂ ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿಯಿತು. ಅದೇ ಕುಸಿತ ಆಂಧ್ರದ ಕಡೆ ಮೇಲಕ್ಕೆ ಹೋದರೆ ನಾವು ಕೆಳಂಚಿಗೆ ಬೀಳುತ್ತೇವೆ. ಆಗ ಗಾಳಿ ನೆಲದ ಕಡೆಯಿಂದ ಬೀಸುತ್ತದೆ, ಸಾಮಾನ್ಯವಾಗಿ ಮಳೆ ಕಡಿಮೆ. 2023ರ ಡಿಸೆಂಬರ್ 5ರಂದು ಮಿಚಾಂಗ್ ದಡ ಮುಟ್ಟಿದ್ದು ಬಾಪಟ್ಲ ಹತ್ತಿರ. ಅದು ಪಕ್ಕದಲ್ಲಿ ಹಾದುಹೋಗುವಾಗ ಚೆನ್ನೈ ಮುಳುಗಿತ್ತು. ಹಾಗಾಗಿ ಚೆನ್ನೈಯಲ್ಲಿ ಎಷ್ಟು ಮಳೆ ಅನ್ನುವುದೊಂದನ್ನೇ ನೋಡಿ ಇಲ್ಲಿ ಲೆಕ್ಕ ಹಾಕಬೇಡಿ.

ಇನ್ನು ನಮ್ಮ ಜಿಲ್ಲೆ ಇರುವುದು ‘ದಕ್ಷಿಣ ಒಳನಾಡು’ ಅನ್ನುವ ವಿಭಾಗದಲ್ಲಿ. ಅದರ ಜೊತೆ ರಾಯಲಸೀಮೆಯ ಸಾಲನ್ನೂ ಓದಿ. ಮುಳಬಾಗಿಲು, ಶ್ರೀನಿವಾಸಪುರದವರಿಗಂತೂ ಮೈಸೂರಿನ ಮಳೆಗಿಂತ ಚಿತ್ತೂರಿನ ಮಳೆ ಹತ್ತಿರ, ಅಲ್ವಾ?

ವರದಿಯ ಪದಗಳಿಗೂ ಅಳತೆ ಇದೆ. ‘ಒಂದೆರಡು ಕಡೆ ಮಳೆ’ ಅಂದರೆ ಆ ವಿಭಾಗದ ಮಳೆ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರಷ್ಟು ಕಡೆ, ಅಥವಾ ಅದಕ್ಕೂ ಕಡಿಮೆ. ‘ಭಾರಿ ಮಳೆ’ ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಬೇಕು. ಒಂದು ಎಕರೆಗೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಭಾರಿ ಮಳೆಗೆ ಎಷ್ಟಾಯಿತು ನೀವೇ ಗುಣಿಸಿ.

ಏಳು ದಿನದ ಮುನ್ಸೂಚನೆಯಲ್ಲಿ ನಾನು ನೆಚ್ಚಿಕೊಳ್ಳುವುದು ಮೊದಲ ಮೂರು ದಿನವನ್ನು. ಉಳಿದದ್ದು ದಿನಾ ಬದಲಾಗುತ್ತದೆ, ದಿನಾ ನೋಡಬೇಕು. ಮಂಗಳವಾರ, ಶುಕ್ರವಾರ ಬರುವ ಕೃಷಿ ಸಲಹೆ ‘ಮೇಘದೂತ್’ ಆ್ಯಪಿನಲ್ಲಿ ಸಿಗುತ್ತದೆ.

ಮೂರು ದಿನದೊಳಗೆ ಮಳೆ ಅಂತ ಗಟ್ಟಿಯಾದರೆ, ನಿಂತ ರಾಗಿಯನ್ನು ಅವಸರದಲ್ಲಿ ಕೊಯ್ದು ನೆಲಕ್ಕೆ ಹಾಸಬೇಡಿ. ನೆಲದಲ್ಲಿ ನೆನೆಯುವುದಕ್ಕಿಂತ ನಿಂತು ನೆನೆಯುವುದು ವಾಸಿ. ಆಗಲೇ ಕೊಯ್ದಿದ್ದರೆ ಸಿವುಡು ಕಟ್ಟಿ, ತೆನೆ ಒಳಗೆ ಬರುವಂತೆ ಎತ್ತರದ ಜಾಗದಲ್ಲಿ ಮೆದೆ ಹಾಕಿ. ಟಾರ್ಪಾಲ್ ಮೇಲೆ ಮಾತ್ರ ಇರಲಿ, ಪಕ್ಕದಲ್ಲಿ ಗಾಳಿ ಆಡಲಿ. ಸುತ್ತ ಬಿಗಿಯಾಗಿ ಸುತ್ತಿದರೆ ಒಳಗೇ ಬೆವರಿ ಬಿಸಿಯಾಗುತ್ತದೆ. ಟೊಮೆಟೊ ಇಟ್ಟವರು ಆ ಮೂರು ದಿನ ಔಷಧಿ ಹೊಡೆಯುವುದನ್ನು ನಿಲ್ಲಿಸಿ, ಸುಮ್ನೆ ತೊಳೆದುಹೋಗುತ್ತದೆ. ಸಾಲಿನ ಕಾಲುವೆ ಬಿಡಿಸಿಕೊಳ್ಳಿ.

ಇನ್ನೊಂದು ಕೆಲಸ, ಖರ್ಚಿಲ್ಲದ್ದು. ಬಾಯಿ, ತಳ ಎರಡೂ ಒಂದೇ ಅಗಲ ಇರುವ ಡಬ್ಬಿಯನ್ನು ಮರದ ನೆರಳಿಲ್ಲದ ಕಡೆ ಇಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಬಿಡಿ. ಇಲಾಖೆಯವರೂ ದಿನದ ಮಳೆ ಲೆಕ್ಕ ಮುಗಿಸುವುದು ಅದೇ ಹೊತ್ತಿಗೆ. ಒಂದು ಸೆಂಟಿಮೀಟರ್ ನೀರಿದ್ದರೆ 10 ಮಿ.ಮೀ. ಮಳೆ. ನಮ್ಮ ಮನೆಯಲ್ಲಿ ಅದಕ್ಕೆ ಹಳೆಯ ಹಾಲಿನ ಪುಡಿ ಡಬ್ಬಿ ಇದೆ, ಲೆಕ್ಕ ಬರೆಯುವುದು ಕ್ಯಾಲೆಂಡರಿನ ಮೇಲೆ, ಹಾಲಿನವನ ಲೆಕ್ಕದ ಪಕ್ಕದಲ್ಲೇ.